ಬಾಗಿಲು ಬೆಂಗಳೂರಿನದು, ಬೀಗದ ಕೈ ಯಾರದು?

2023ರ ಫೆಬ್ರವರಿ 14ರಂದು ಏರ್ ಇಂಡಿಯಾ ಒಟ್ಟು 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅವುಗಳಲ್ಲಿ 250 ಯುರೋಪಿನ ಏರ್‌ಬಸ್ ಕಂಪೆನಿಯವು, 220 ಅಮೆರಿಕದ ಬೋಯಿಂಗ್ ಕಂಪೆನಿಯವು. ಈ ಖರೀದಿಯಿಂದ ತಮ್ಮ ದೇಶದ 44 ರಾಜ್ಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಉದ್ಯೋಗಗಳಿಗೆ ಆಸರೆಯಾಗುತ್ತದೆ ಎಂದು ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಹೇಳಿದರು. ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ನಮ್ಮ ಪ್ರಧಾನಿಯವರ ಜತೆ ವಿಡಿಯೋ ಮಾತುಕತೆಯಲ್ಲಿ ಪಾಲ್ಗೊಂಡು ಸಂತಸ ವ್ಯಕ್ತಪಡಿಸಿದರು. ಬ್ರಿಟನ್ನಿನ ಅಂದಿನ ಪ್ರಧಾನಿ ರಿಷಿ ಸುನಕ್ ವೇಲ್ಸ್ ಮತ್ತು ಡರ್ಬಿಶೈರ್ ಪ್ರದೇಶಗಳಿಗೆ ಕೆಲಸ ಬಂತು ಎಂದರು. ಕೊಂಡವರು ಒಬ್ಬರೇ. ಗೆದ್ದೆವು ಎಂದವರು ಮಾತ್ರ ಮೂರು ರಾಜಧಾನಿಗಳವರು.

ಇದರಲ್ಲಿ ಯಾರ ಮಾತೂ ಸುಳ್ಳಲ್ಲ. ಸಮಸ್ಯೆ ಇರುವುದು ನಾವು ಈ ಪೈಪೋಟಿಯನ್ನು ನೋಡುವ ರೀತಿಯಲ್ಲಿ. ಬೋಯಿಂಗ್ ಎಂದರೆ ಅಮೆರಿಕ, ಏರ್‌ಬಸ್ ಎಂದರೆ ಯುರೋಪು, ಇವರಿಬ್ಬರ ನಡುವೆ ಒಂದು ಕ್ರಿಕೆಟ್ ಪಂದ್ಯ ನಡೆಯುತ್ತಿದೆ ಎಂಬಂತೆ ಪತ್ರಿಕೆಗಳು ಬರೆಯುತ್ತವೆ. ಆದರೆ ವಿಮಾನವನ್ನು ಬಿಚ್ಚಿ ನೋಡಿದರೆ ಚಿತ್ರವೇ ಬೇರೆ. ಏರ್ ಇಂಡಿಯಾ ಅಂದು ಕೇಳಿದ ಏರ್‌ಬಸ್ 320 ಕುಟುಂಬದ 210 ವಿಮಾನಗಳಿಗೂ ಬೋಯಿಂಗ್ 737 ಮ್ಯಾಕ್ಸ್‌ನ 190 ವಿಮಾನಗಳಿಗೂ ಇಂಜಿನ್ ಕೊಡುವ ಕಂಪೆನಿ ಒಂದೇ. ಅದರ ಹೆಸರು ಸಿಎಫ್‌ಎಂ. ಅದರಲ್ಲಿ ಅರ್ಧ ಪಾಲು ಅಮೆರಿಕದ ಜಿಇ ಕಂಪೆನಿಯದು, ಇನ್ನರ್ಧ ಫ್ರಾನ್ಸಿನ ಸಾಫ್ರಾನ್ ಕಂಪೆನಿಯದು. ಎದುರಾಳಿಗಳೆಂದು ನಾವು ತಿಳಿದ ಎರಡು ವಿಮಾನಗಳ ರೆಕ್ಕೆಯ ಕೆಳಗೆ ತೂಗುವ ಇಂಜಿನ್ನು ಒಂದೇ ಮನೆಯದು.

ರೆಕ್ಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಏರ್‌ಬಸ್ 320ರ ರೆಕ್ಕೆ ತಯಾರಾಗುವುದು ವೇಲ್ಸ್‌ನ ಬ್ರಾಟನ್ನಿನಲ್ಲಿ. ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟುಹೋದ ಮೇಲೂ ಅದು ಹಾಗೆಯೇ ಇದೆ. ಬೋಯಿಂಗ್ 787ರ ರೆಕ್ಕೆ ಜಪಾನಿನ ಮಿತ್ಸುಬಿಷಿ ಕಾರ್ಖಾನೆಯಿಂದ ಬರುತ್ತದೆ, ನಡುಗೂಡಿನ ಒಂದು ಭಾಗ ಇಟಲಿಯಿಂದ. 2007ರ ಜುಲೈಯಲ್ಲಿ ಆ ವಿಮಾನವನ್ನು ಜನರೆದುರು ತಂದು ನಿಲ್ಲಿಸಿದಾಗ ಅದು ಒಳಗಿನಿಂದ ಅರ್ಧಂಬರ್ಧವಾಗಿತ್ತು. ಹತ್ತು ಕಡೆಯಿಂದ ಬರಬೇಕಾದ ಭಾಗಗಳು ಹೊಂದಿಕೆಯಾಗದೆ 2008ರಲ್ಲಿ ಗಿರಾಕಿಗೆ ಸಿಗಬೇಕಾಗಿದ್ದ ಮೊದಲ ವಿಮಾನ 2011ರಲ್ಲಿ ಸಿಕ್ಕಿತು. ಲೋಕವನ್ನೆಲ್ಲ ಕೂಡಿಸಿ ಕಟ್ಟುವುದು ಅಗ್ಗವೆಂದು ಯಾರಾದರೂ ಹೇಳಿದರೆ ಈ ಕಥೆಯನ್ನು ನೆನಪಿಸಬಹುದು.

ಇನ್ನು ನಮ್ಮ ಪಾಲಿಗೆ ಬರೋಣ. ಬಜಪೆಯಿಂದ ದುಬಾಯಿಗೆ ಹೊರಡುವ ನಮ್ಮ ಕುಟುಂಬದವರು ಏರ್‌ಬಸ್ 320 ಹತ್ತುವಾಗ ಕಾಲಿಡುವ ಮುಂಬಾಗಿಲು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದಾಗಿರಬಹುದು. 1980ರ ದಶಕದ ಕೊನೆಯಲ್ಲಿ ಏರ್‌ಬಸ್ ಈ ಕೆಲಸವನ್ನು ಎಚ್‌ಎಎಲ್‌ಗೆ ವಹಿಸಿತು. ಅದೇ ಎಚ್‌ಎಎಲ್ ಬೋಯಿಂಗ್ 757ಕ್ಕೆ ರೆಕ್ಕೆಯ ಮೇಲಿನ ತುರ್ತು ಬಾಗಿಲನ್ನೂ ಮಾಡಿಕೊಟ್ಟಿತು. ಬಲಗೈ ಏರ್‌ಬಸ್‌ಗೆ, ಎಡಗೈ ಬೋಯಿಂಗ್‌ಗೆ. 2024ರ ಫೆಬ್ರವರಿಯಲ್ಲಿ ಏರ್‌ಬಸ್ 220 ವಿಮಾನದ ಎಲ್ಲ ಬಾಗಿಲುಗಳ ಗುತ್ತಿಗೆ ಬೆಂಗಳೂರಿನ ಡೈನಮ್ಯಾಟಿಕ್ ಕಂಪೆನಿಗೆ ಸಿಕ್ಕಿತು. ಹೀಗೆ ಬಾಗಿಲು ಮಾಡುವುದರಲ್ಲಿ ನಮ್ಮ ರಾಜ್ಯ ಹೆಸರು ಮಾಡಿದೆ.

ಈ ಏರ್‌ಬಸ್ 220ರ ಹುಟ್ಟಿನ ಕಥೆಯನ್ನು ಓದುಗರು ತಿಳಿದಿರಬೇಕು. ದೇಶಗಳ ಹಿತ ಹೇಗೆ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೂಲತಃ ಇದು ಕೆನಡಾದ ಬೊಂಬಾರ್ಡಿಯರ್ ಕಂಪೆನಿಯ ವಿಮಾನ, ಆಗಿನ ಹೆಸರು ಸಿ ಸೀರೀಸ್. ಅಮೆರಿಕದ ಡೆಲ್ಟಾ ಸಂಸ್ಥೆ 2016ರಲ್ಲಿ 75 ವಿಮಾನಗಳನ್ನು ಕೇಳಿದಾಗ ಬೋಯಿಂಗ್ ದೂರು ಕೊಟ್ಟಿತು. ಕೆನಡಾದ ಸರಕಾರದ ಹಣ ಪಡೆದು ಅಗ್ಗಕ್ಕೆ ಮಾರುತ್ತಿದ್ದಾರೆ, ಇದು ಅಮೆರಿಕಕ್ಕೆ ಅನ್ಯಾಯ ಎಂಬುದು ಅದರ ವಾದ. 2017ರಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಸುಮಾರು ಶೇಕಡಾ 300ರಷ್ಟು ಸುಂಕ ಹೇರಲು ಹೊರಟಿತು. ಕೆನಡಾ ಸಿಟ್ಟಾಗುವುದು ಸಹಜ. ಆದರೆ ಮೊದಲು ಬೆದರಿದ್ದು ಬ್ರಿಟನ್. ಏಕೆಂದರೆ ಆ ವಿಮಾನದ ರೆಕ್ಕೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ತಯಾರಾಗುತ್ತಿತ್ತು. ಪ್ರಧಾನಿ ತೆರೇಸಾ ಮೇ ಅವರೇ ಟ್ರಂಪ್ ಅವರೊಡನೆ ಮಾತನಾಡಬೇಕಾಯಿತು. ಇಂಜಿನ್ನಾದರೋ ಅಮೆರಿಕದ್ದೇ, ಪ್ರ್ಯಾಟ್ ಅಂಡ್ ವಿಟ್ನಿ ಕಂಪೆನಿಯದು. ಅಂದರೆ ಅಮೆರಿಕದ ಕೆಲಸವನ್ನು ಉಳಿಸಲೆಂದು ಅಮೆರಿಕದ ಇಂಜಿನ್ ಕಾರ್ಮಿಕರಿಗೇ ಪೆಟ್ಟು ಬೀಳುವಂತಿತ್ತು. 2018ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವೇ ನಾಲ್ಕಕ್ಕೆ ಸೊನ್ನೆ ಮತಗಳಿಂದ ಬೋಯಿಂಗ್‌ನ ದೂರನ್ನು ತಳ್ಳಿಹಾಕಿತು. ಅಷ್ಟರಲ್ಲಿ ಬೊಂಬಾರ್ಡಿಯರ್ ದಣಿದಿತ್ತು. ವಿಮಾನದ ಬಹುಪಾಲನ್ನು ಏರ್‌ಬಸ್‌ಗೆ ಒಪ್ಪಿಸಿತು. ಕೆನಡಾದ ಸಣ್ಣ ಎದುರಾಳಿಯನ್ನು ತಡೆಯಲು ಹೋದ ಬೋಯಿಂಗ್ ಅದನ್ನು ತನ್ನ ದೊಡ್ಡ ಎದುರಾಳಿಯ ಮಡಿಲಿಗೆ ಹಾಕಿದಂತಾಯಿತು. ಈಗ ಅದೇ ವಿಮಾನ ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದಲ್ಲಿಯೂ ಜೋಡಣೆಯಾಗುತ್ತದೆ.

ಮೊಬೀಲ್‌ನಲ್ಲಿ ಏರ್‌ಬಸ್ ಕಾರ್ಖಾನೆ 2015ರಲ್ಲಿ ಶುರುವಾಯಿತು. ಅದರ ಮಹತ್ವ ತಿಳಿದದ್ದು ಸುಂಕದ ಸಮರದಲ್ಲಿ. ಸರಕಾರಿ ನೆರವಿನ ವಿಷಯದಲ್ಲಿ ಅಮೆರಿಕ ಮತ್ತು ಯುರೋಪು 2004ರಿಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಜಗಳವಾಡುತ್ತಿದ್ದವು. 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಯುರೋಪಿನಿಂದ ಬರುವ ಏರ್‌ಬಸ್ ವಿಮಾನಗಳ ಮೇಲೆ ಶೇಕಡಾ 10 ಸುಂಕ ಹಾಕಿತು. ಚೀಸ್, ವೈನ್, ಸ್ಕಾಚ್ ವಿಸ್ಕಿಗಳ ಮೇಲೆ ಶೇಕಡಾ 25. ಆದರೆ ಮೊಬೀಲ್‌ಗೆ ಹಡಗಿನಲ್ಲಿ ಬರುವ ರೆಕ್ಕೆ, ಒಡಲಿನ ಭಾಗಗಳನ್ನು ಮುಟ್ಟಲಿಲ್ಲ. ಮುಟ್ಟಿದರೆ ಕೆಲಸ ಕಳೆದುಕೊಳ್ಳುವವರು ಅಲಬಾಮಾದವರು! ಸ್ಕಾಟ್ಲೆಂಡಿನ ವಿಸ್ಕಿ ಭಟ್ಟಿಯವನಿಗೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳುವವರೇ ಇರಲಿಲ್ಲ. 2021ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಬಿಡಿಭಾಗಗಳ ಮೇಲೂ ಸುಂಕ ಬಿತ್ತು, ಮಾರ್ಚ್ ತಿಂಗಳಲ್ಲಿ ಎಲ್ಲವನ್ನೂ ತಡೆಹಿಡಿದರು, ಜೂನ್‌ನಲ್ಲಿ ಐದು ವರ್ಷಗಳ ಕದನವಿರಾಮವಾಯಿತು. ಹದಿನೇಳು ವರ್ಷ ಜಗಳವಾಡಿದ ಮೇಲೆ ಇಬ್ಬರಿಗೂ ಅರಿವಾದದ್ದು ಚೀನಾ ಮೂರನೆಯವನಾಗಿ ಬರುತ್ತಿದೆ ಎಂಬುದು.

ಹಾಗಾದರೆ ದೇಶ, ದೇಶದ ಹಿತ ಎಂಬುದೆಲ್ಲ ಕರಗಿಹೋಯಿತೇ? ಕೆಲವು ಅರ್ಥಶಾಸ್ತ್ರಜ್ಞರು ಹಾಗೆ ಬರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಬಾಗಿಲು, ತೊಲೆ, ಬ್ರಾಕೆಟ್ಟು ಎಲ್ಲಿ ಬೇಕಾದರೂ ತಯಾರಾಗಲಿ ಎಂದು ದೊಡ್ಡ ದೇಶಗಳು ಬಿಟ್ಟುಕೊಟ್ಟಿವೆ. ಬೀಗದ ಕೈಯನ್ನು ಬಿಟ್ಟುಕೊಟ್ಟಿಲ್ಲ.

ಸಿಎಫ್‌ಎಂ ಕಂಪೆನಿಯ ಹುಟ್ಟನ್ನೇ ನೋಡಿ. 1970ರ ದಶಕದ ಆರಂಭದಲ್ಲಿ ಜಿಇ ತನ್ನ ಬಾಂಬರ್ ವಿಮಾನದ ಇಂಜಿನ್ನಿನ ತಿರುಳನ್ನು ಫ್ರೆಂಚರೊಡನೆ ಹಂಚಿಕೊಳ್ಳಲು ಹೊರಟಾಗ ಅಮೆರಿಕದ ಸರಕಾರ ಬೇಡವೆಂದಿತು. 1973ರಲ್ಲಿ ಐಸ್‌ಲೆಂಡಿನ ರೆಯ್ಕ್ಯಾವಿಕ್‌ನಲ್ಲಿ ನಿಕ್ಸನ್ ಮತ್ತು ಪೊಂಪಿದು ಭೇಟಿಯಾದಾಗ ವಿಷಯ ಇತ್ಯರ್ಥವಾಯಿತು. 1974ರಲ್ಲಿ ಕಂಪೆನಿ ಹುಟ್ಟಿತು. ಆದರೆ ಒಳಗಿನ ತಿರುಳು ಅಮೆರಿಕದಲ್ಲೇ ತಯಾರಾಗಬೇಕು, ಫ್ರಾನ್ಸಿಗೆ ಅದು ಮುಚ್ಚಿದ ಡಬ್ಬಿಯಾಗಿಯೇ ಹೋಗಬೇಕು ಎಂಬ ಷರತ್ತಿನ ಮೇಲೆ. ಪಾಲುದಾರನಿಗೂ ಡಬ್ಬಿ ತೆರೆಯುವ ಅಧಿಕಾರವಿಲ್ಲ!

ಅರ್ಧ ಶತಮಾನ ಕಳೆದರೂ ಅದೇ ಬೀಗದ ಕೈ ಕೆಲಸ ಮಾಡುತ್ತಿದೆ. ಚೀನಾದ ಹೊಸ ಪ್ರಯಾಣಿಕ ವಿಮಾನ ಸಿ919ಕ್ಕೆ ಇಂಜಿನ್ ಒದಗಿಸುವುದು ಸಿಎಫ್‌ಎಂ. 2025ರ ಏಪ್ರಿಲ್‌ನಲ್ಲಿ ಸುಂಕದ ಜಗಳದಲ್ಲಿ ಚೀನಾ ತನ್ನ ಸಂಸ್ಥೆಗಳಿಗೆ ಬೋಯಿಂಗ್ ವಿಮಾನಗಳನ್ನು ಪಡೆಯಬೇಡಿ ಎಂದಿತು. ಚೀನಾ ತಲುಪಿದ್ದ ವಿಮಾನಗಳು ಪೆಸಿಫಿಕ್ ಸಾಗರವನ್ನು ಮತ್ತೆ ದಾಟಿ ಸಿಯಾಟಲ್‌ಗೆ ಮರಳಿದವು. ಮೇ ತಿಂಗಳ ಕೊನೆಗೆ ಅಮೆರಿಕ ಸಿ919ರ ಇಂಜಿನ್ ರಫ್ತನ್ನು ತಡೆಯಿತು, ಜುಲೈಯಲ್ಲಿ ಬಿಟ್ಟಿತು. ಎರಡೂ ಕಡೆಯವರಿಗೆ ಪರಸ್ಪರರ ಕೊರಳಪಟ್ಟಿ ಎಲ್ಲಿದೆ ಎಂದು ಗೊತ್ತಿದೆ.

ನಮ್ಮ ಬೆಂಗಳೂರಿಗೆ ಈ ಪಾಠ ಹೊಸತಲ್ಲ. ಎಚ್‌ಎಎಲ್ ಹುಟ್ಟಿದ್ದೇ ಬೇರೆ ಬೇರೆ ನಾಡಿನವರ ಕೈ ಸೇರಿ. 1940ರ ಡಿಸೆಂಬರ್‌ನಲ್ಲಿ ಗುಜರಾತಿ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಅಮೆರಿಕದ ವಿಲಿಯಂ ಪಾಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರಕಾರ ಸೇರಿ ಆರಂಭಿಸಿದ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ಅಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ದುರಸ್ತಿಯಾದವು. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದರು. ಹಿಟ್ಲರನ ಕಾಲದ ಫೋಕೆ ವುಲ್ಫ್ ಯುದ್ಧವಿಮಾನವನ್ನು ವಿನ್ಯಾಸಗೊಳಿಸಿದವರು ನೆಹರೂ ಕಾಲದ ಭಾರತಕ್ಕೆ ಮಾರುತ್ ಎಂಬ ಜೆಟ್ ಕಟ್ಟಿಕೊಟ್ಟರು. 1961ರ ಜೂನ್ 17ರಂದು ಅದು ಹಾರಿತು. ವಿಮಾನದ ಆಕಾರ ಎಷ್ಟು ಸುಂದರವೋ ಇಂಜಿನ್ ಅಷ್ಟೇ ದುರ್ಬಲ. ನೆಚ್ಚಿಕೊಂಡಿದ್ದ ಬ್ರಿಟಿಷ್ ಇಂಜಿನ್ನಿನ ಸುಧಾರಿತ ರೂಪ ಬರಲೇ ಇಲ್ಲ, ಅದಕ್ಕೆ ಬೇಕಾದ ಹಣವನ್ನು ನಾವೂ ಹಾಕಲಿಲ್ಲ. ಈಜಿಪ್ಟ್ ಜತೆ ಸೇರಿ ಇಂಜಿನ್ ಮಾಡುವ ಯತ್ನವೂ ಕೈಗೂಡಲಿಲ್ಲ. ಶಬ್ದದ ವೇಗವನ್ನು ದುಪ್ಪಟ್ಟು ಮೀರಬೇಕೆಂದು ಕಟ್ಟಿದ ವಿಮಾನ ಕಡೆಯವರೆಗೂ ಆ ವೇಗದ ಹತ್ತಿರ ಬರಲಿಲ್ಲ.

ತೇಜಸ್ ಕಥೆಯೂ ಅದೇ ದಾರಿಯದು. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ ಅಲ್ಲಿ ನಮ್ಮ ವಿಜ್ಞಾನಿಗಳು ಲಾಕ್‌ಹೀಡ್ ಕಂಪೆನಿಯೊಡನೆ ನಡೆಸುತ್ತಿದ್ದ ಹಾರಾಟ ನಿಯಂತ್ರಣದ ಕೆಲಸ ಒಮ್ಮೆಲೇ ನಿಂತಿತು. ಬೆಂಗಳೂರಿನಲ್ಲೇ ಆ ಕೆಲಸವನ್ನು ಮುಗಿಸಿ 2001ರ ಜನವರಿ 4ರಂದು ವಿಮಾನವನ್ನು ಹಾರಿಸಿದರು. ಇದು ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ಇಂಜಿನ್ ಇಂದಿಗೂ ಜಿಇ ಕಂಪೆನಿಯದು. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್ 1ಎ ವಿಮಾನಗಳಿಗೆ ಒಪ್ಪಂದವಾಯಿತು, 2024ರಿಂದ ವಾಯುಪಡೆಗೆ ಕೊಡಬೇಕಾಗಿತ್ತು. ಈ ಒಪ್ಪಂದಕ್ಕಾಗಿ ಕೇಳಿದ ಇಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಸಂಸತ್ತಿನಲ್ಲಿ ಆತ್ಮನಿರ್ಭರತೆಯ ಭಾಷಣಗಳು ನಡೆದವು. ಕಾರ್ಖಾನೆಯಲ್ಲಿ ವಿಮಾನದ ಒಡಲುಗಳು ಇಂಜಿನ್ನಿಗಾಗಿ ಕಾದವು.

ಈಗ ಬೆಂಗಳೂರನ್ನು ಬಿಟ್ಟು ಪುಣೆ ಹೆದ್ದಾರಿಯಲ್ಲಿ ಬಡಗಣಕ್ಕೆ ಬರೋಣ. ಹಾವೇರಿ ಜಿಲ್ಲೆಯ ಶಿಗ್ಗಾವಿ ದಾಟಿದೊಡನೆ ಗೊಟಗೋಡಿ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಮತ್ತು 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವ ಊರು ಇದು. ನಮ್ಮ ಕರಾವಳಿಯ ಶಾಲೆಗಳಿಂದಲೂ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಜಾಗ. ಮಾಯವಾಗುತ್ತಿರುವ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಆ ಹಳ್ಳಿಯಲ್ಲಿಯೂ ಕೆಲಸ ಹಂಚಿಕೆಯಾಗಿತ್ತು. ಒಂದು ಚಕ್ಕಡಿಯಾಗಬೇಕಾದರೆ ಬಡಿಗ ಗಾಲಿ ಮಾಡಬೇಕು, ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಏರಿಸಬೇಕು. ಆದರೆ ದಾರಿಯಲ್ಲಿ ಗಾಲಿ ಮುರಿದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದು ಊರಿಗೆಲ್ಲ ಗೊತ್ತಿತ್ತು.

ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಬೆಳಗಾವಿ, ಅದರಾಚೆ ಹತ್ತರಗಿ. ಅಲ್ಲಿ ಅರವಿಂದ ಮೆಳ್ಳಿಗೇರಿ ಅವರು ಸ್ಥಾಪಿಸಿದ ಎಕ್ವಸ್ ಕಂಪೆನಿಯ ವಿಶೇಷ ಆರ್ಥಿಕ ವಲಯವಿದೆ. ಅಲ್ಲಿ ಲೋಹದ ಅಚ್ಚು ಬಡಿಯುವುದು ಫ್ರಾನ್ಸಿನ ಕಂಪೆನಿಯ ಸಹಭಾಗಿತ್ವದಲ್ಲಿ, ಮೇಲ್ಮೈ ಸಂಸ್ಕರಣೆ ಕೆನಡಾದ ಕಂಪೆನಿಯ ಸಹಭಾಗಿತ್ವದಲ್ಲಿ. ಇಲ್ಲಿನ ಭಾಗಗಳು ಏರ್‌ಬಸ್‌ಗೂ ಹೋಗುತ್ತವೆ, ಬೋಯಿಂಗ್‌ಗೂ ಹೋಗುತ್ತವೆ. ಇನ್ನೂ ಸೋಜಿಗವೆಂದರೆ ಈ ಬೆಳಗಾವಿಯ ಕಂಪೆನಿ ಕಳೆದ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲೂ ಫ್ರಾನ್ಸಿನಲ್ಲೂ ಕಾರ್ಖಾನೆಗಳನ್ನು ಕೊಂಡುಕೊಂಡಿತು. ಹಾಗಾದರೆ ಟೆಕ್ಸಾಸ್‌ನ ಆ ಕೆಲಸಗಾರ ಅಮೆರಿಕದ ಲೆಕ್ಕಕ್ಕೋ ಬೆಳಗಾವಿಯ ಲೆಕ್ಕಕ್ಕೋ? ಬೈಡನ್ ಹೇಳಿದ ಹತ್ತು ಲಕ್ಷ ಉದ್ಯೋಗಗಳಲ್ಲಿ ಅವನೂ ಸೇರಿದ್ದಾನೋ ಏನೋ.

ಕಾರ್ಖಾನೆ ಬಂದದ್ದು ಒಳ್ಳೆಯದೇ. ಹಾವೇರಿ, ಧಾರವಾಡ, ಬೆಳಗಾವಿ ಕಡೆಯ ಐಟಿಐ ಮತ್ತು ಡಿಪ್ಲೊಮಾ ಮುಗಿಸಿದ ಯುವಕರು ಕೆಲಸಕ್ಕಾಗಿ ಬೆಂಗಳೂರಿಗೋ ಪುಣೆಗೋ ಹೋಗಿ ಕೋಣೆಯಲ್ಲಿ ಐದಾರು ಜನ ಮಲಗುವುದಕ್ಕಿಂತ ಮನೆಯ ಹತ್ತಿರ ದುಡಿಯುವುದು ಲೇಸು. ಕೂದಲೆಳೆಯಷ್ಟೂ ಅಳತೆ ತಪ್ಪದಂತೆ ಲೋಹ ಕೊರೆಯುವ ಕೌಶಲ ಕಲಿತವನಿಗೆ ಎಲ್ಲಿ ಹೋದರೂ ಅನ್ನವಿದೆ. ಆದರೆ ಅವನ ಅನ್ನದ ತೀರ್ಮಾನ ಎಲ್ಲಿ ಆಗುತ್ತದೆ ಎನ್ನುವುದನ್ನೂ ತಿಳಿದಿರಬೇಕು. 2018 ಮತ್ತು 2019ರಲ್ಲಿ ಎರಡು 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಸತ್ತ ಬಳಿಕ ಬೋಯಿಂಗ್ 2020ರ ಜನವರಿಯಲ್ಲಿ ಆ ವಿಮಾನದ ತಯಾರಿಕೆಯನ್ನು ನಿಲ್ಲಿಸಿತು. ಅದೇ ತಿಂಗಳು ಬೋಯಿಂಗ್‌ಗೆ ಒಡಲು ಮಾಡಿಕೊಡುವ ಸ್ಪಿರಿಟ್ ಕಂಪೆನಿ ವಿಚಿಟಾ ಪಟ್ಟಣದಲ್ಲಿ 2,800 ಜನರನ್ನು ಮನೆಗೆ ಕಳುಹಿಸಿತು. ತಪ್ಪು ನಡೆದದ್ದು ವಿನ್ಯಾಸದಲ್ಲಿ, ಕೆಲಸ ಹೋದದ್ದು ತಗಡು ಜೋಡಿಸುವವನದು. ವಿಚಿಟಾದವನಿಗಾದರೂ ಸಂಘವಿದೆ, ಮತ ಹಾಕಿದ ಸೆನೆಟರ್ ಇದ್ದಾನೆ. 2024ರ ಸೆಪ್ಟೆಂಬರ್‌ನಲ್ಲಿ ಬೋಯಿಂಗ್‌ನ ಸುಮಾರು 33,000 ಕಾರ್ಮಿಕರು ಏಳು ವಾರಗಳಿಗೂ ಹೆಚ್ಚು ಕಾಲ ಮುಷ್ಕರ ಹೂಡಿ ಸಂಬಳ ಏರಿಸಿಕೊಂಡರು. ಆ ಸರಪಣಿಯ ಇನ್ನೊಂದು ತುದಿಯಲ್ಲಿ ಕೂತವನ ಮಾತು ಸಿಯಾಟಲ್‌ವರೆಗೆ ಕೇಳಿಸುವುದೇ?

ಸಂತ ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ‘ಲಬೋರೆಮ್ ಎಕ್ಸರ್ಚೆನ್ಸ್’ ವಿಶ್ವಪತ್ರದಲ್ಲಿ ಒಂದು ಉಪಯುಕ್ತ ವಿಂಗಡಣೆ ಇದೆ. ಸಂಬಳ ಕೊಡುವ ನೇರ ಮಾಲೀಕ ಒಬ್ಬ. ಆ ಸಂಬಳ ಎಷ್ಟಿರಬಹುದು ಎಂಬುದನ್ನು ದೂರದಿಂದಲೇ ನಿರ್ಧರಿಸುವ ಪರೋಕ್ಷ ಮಾಲೀಕ ಇನ್ನೊಬ್ಬ. ಸರಕಾರದ ಜತೆಗೆ ಬಹುರಾಷ್ಟ್ರೀಯ ಕಂಪೆನಿಗಳ ವಹಿವಾಟುಗಳ ಪ್ರಭಾವವನ್ನೂ ಅವರು ಅಲ್ಲಿಯೇ ಪ್ರಸ್ತಾಪಿಸಿದ್ದಾರೆ. ಪರೋಕ್ಷ ಮಾಲೀಕನೂ ನ್ಯಾಯಕ್ಕೆ ಬಾಧ್ಯಸ್ಥ ಎಂಬುದು ಅವರ ವಾದ. ನಲವತ್ತು ವರ್ಷಗಳ ಹಿಂದೆ ಬರೆದದ್ದಾದರೂ ವಿಮಾನದ ಬಿಡಿಭಾಗಗಳ ಸರಪಣಿಗೆ ಅದು ಅಚ್ಚುಕಟ್ಟಾಗಿ ಹೊಂದುತ್ತದೆ. ನಮ್ಮ ಧರ್ಮಕೇಂದ್ರಗಳ ಯುವಜನರಿಗೆ ಉದ್ಯೋಗ ಮಾರ್ಗದರ್ಶನ ನೀಡುವವರು ಕಂಪೆನಿಯ ಹೆಸರು, ಸಂಬಳ ಇಷ್ಟನ್ನೇ ಹೇಳದೆ, ಕಾಯಂ ಕೆಲಸವೋ ಗುತ್ತಿಗೆಯೋ, ಒಬ್ಬನೇ ಗಿರಾಕಿಯನ್ನು ನಂಬಿದ ಕಾರ್ಖಾನೆಯೋ ಅಲ್ಲವೋ ಎಂಬುದನ್ನೂ ವಿಚಾರಿಸಿದರೆ ಒಳ್ಳೆಯದು.

ಹೊಣೆಗಾರಿಕೆಯ ಪ್ರಶ್ನೆ ಸಂಬಳಕ್ಕೆ ಮಾತ್ರ ಸೀಮಿತವಲ್ಲ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್ ಆಕಾಶದಲ್ಲಿದ್ದಾಗ ಬಾಗಿಲಿನ ಜಾಗವನ್ನು ಮುಚ್ಚಿದ್ದ ಹಲಗೆಯೇ ಕಿತ್ತು ಹಾರಿಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಹಲಗೆ ತಯಾರಾದದ್ದು ಮಲೇಷ್ಯಾದಲ್ಲಿ, ಒಡಲಿಗೆ ಸೇರಿದ್ದು ವಿಚಿಟಾದಲ್ಲಿ, ವಿಮಾನ ಪೂರ್ಣವಾದದ್ದು ಸಿಯಾಟಲ್ ಬಳಿಯ ರೆಂಟನ್‌ನಲ್ಲಿ. ಮೊದಲ ದಿನಗಳಲ್ಲಿ ಬೆರಳುಗಳು ಮಲೇಷ್ಯಾದ ಕಡೆಗೂ ತಿರುಗಿದವು. ತನಿಖೆಯಲ್ಲಿ ಗೊತ್ತಾದದ್ದೇನೆಂದರೆ, ರೆಂಟನ್‌ನಲ್ಲಿ ದುರಸ್ತಿಗೆಂದು ಹಲಗೆಯನ್ನು ತೆಗೆದವರು ಮತ್ತೆ ಕೂರಿಸುವಾಗ ನಾಲ್ಕು ಬೋಲ್ಟುಗಳನ್ನು ಹಾಕಿರಲಿಲ್ಲ. ಕೆಲಸವನ್ನು ಲೋಕಕ್ಕೆಲ್ಲ ಹಂಚಿ ಹಿಡಿತ ತಪ್ಪಿದ ಬೋಯಿಂಗ್ ಕಡೆಗೆ 2025ರ ಡಿಸೆಂಬರ್‌ನಲ್ಲಿ ಸ್ಪಿರಿಟ್ ಕಂಪೆನಿಯನ್ನೇ ಕೊಂಡಿತು. ಅದೇ ಕಂಪೆನಿ ಏರ್‌ಬಸ್‌ಗೆ ಮಾಡುತ್ತಿದ್ದ ಕೆಲಸದ ಘಟಕಗಳನ್ನು ಏರ್‌ಬಸ್ ಪಡೆಯಿತು, ಬೆಲ್‌ಫಾಸ್ಟ್‌ನ ರೆಕ್ಕೆಯ ಕಾರ್ಖಾನೆಯೂ ಅದರಲ್ಲಿ ಸೇರಿತ್ತು. ಇಷ್ಟು ದಿನ ಇಬ್ಬರು ಶತ್ರುಗಳ ವಿಮಾನಗಳನ್ನು ಒಂದೇ ಸೂರಿನವರು ಕಟ್ಟುತ್ತಿದ್ದರು ಎಂಬುದು ಅನೇಕರಿಗೆ ತಿಳಿದದ್ದೇ ಆಗ.

ಈ ಪೈಪೋಟಿ ಈಗ ದೇಶಗಳಿಂದ ಇಳಿದು ರಾಜ್ಯಗಳ ನಡುವೆ ಬಂದಿದೆ. 2024ರ ಜನವರಿಯಲ್ಲಿ ದೇವನಹಳ್ಳಿಯ ಬಳಿ 43 ಎಕರೆಯಲ್ಲಿ 1,600 ಕೋಟಿ ರೂಪಾಯಿ ವೆಚ್ಚದ ಬೋಯಿಂಗ್ ತಂತ್ರಜ್ಞಾನ ಕೇಂದ್ರ ಉದ್ಘಾಟನೆಯಾಯಿತು. ಅದೇ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಗಳಿಗಾಗಿ 13 ಹಳ್ಳಿಗಳ 1,777 ಎಕರೆ ಜಮೀನನ್ನು ವಶಪಡಿಸಿಕೊಳ್ಳಲು ಸರಕಾರ ಹೊರಟಿತ್ತು. ತರಕಾರಿ, ದ್ರಾಕ್ಷಿ, ರೇಷ್ಮೆ, ಹೈನುಗಾರಿಕೆಯಿಂದ ಬದುಕುವ ಊರುಗಳವು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರು ಮೂರು ವರ್ಷ ಮೀರಿದರೂ ಏಳಲಿಲ್ಲ. 2025ರ ಜೂನ್ 25ರಂದು ಪೊಲೀಸರು ಅವರನ್ನು ಎಳೆದೊಯ್ದರು. ಸಾಹಿತಿಗಳು, ಕಾರ್ಮಿಕ ಸಂಘಗಳು, ದಲಿತ ಸಂಘಟನೆಗಳು ಬೆಂಗಳೂರಿನ ಬೀದಿಗಿಳಿದ ಮೇಲೆ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ಒಪ್ಪಿ ಕೊಡುವವರ ಜಮೀನನ್ನು ಮಾತ್ರ ಹೆಚ್ಚಿನ ಬೆಲೆಗೆ ಪಡೆಯುತ್ತೇವೆ ಎಂದರು.

ಆ ಘೋಷಣೆಯ ಬೆನ್ನಿಗೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ವೈಮಾನಿಕ ಉದ್ಯಮಗಳಿಗೆ ಬಹಿರಂಗ ಆಹ್ವಾನವಿತ್ತರು: ನಮ್ಮಲ್ಲಿಗೆ ಬನ್ನಿ, ಬೆಂಗಳೂರಿನ ಪಕ್ಕದಲ್ಲೇ 8,000 ಎಕರೆಗೂ ಹೆಚ್ಚು ಜಾಗ ಸಿದ್ಧವಿದೆ. ನಮ್ಮ ಕೈಗಾರಿಕಾ ಸಚಿವರೂ ಸುಮ್ಮನಿರಲಿಲ್ಲ, ಉದ್ಯಮ ಎಲ್ಲಿಗೂ ಹೋಗುವುದಿಲ್ಲ ಎಂದು ಉತ್ತರಿಸಿದರು. ಕರ್ನಾಟಕದ ಹಿತ, ಆಂಧ್ರದ ಹಿತ ಎಂದು ಟಿ.ವಿ.ಗಳಲ್ಲಿ ಕೆಲವು ದಿನ ಚರ್ಚೆಯಾಯಿತು. ಗಡಿಯ ಈಚೆ ತಯಾರಾದರೂ ಆಚೆ ತಯಾರಾದರೂ ಆ ಬಾಗಿಲುಗಳು ಹೋಗುವುದು ಅದೇ ಮೊಬೀಲ್‌ಗೆ, ಅದೇ ತುಲೂಸ್‌ಗೆ, ಅದೇ ಸಿಯಾಟಲ್‌ಗೆ. ಚನ್ನರಾಯಪಟ್ಟಣ ಹೋಬಳಿಯ ರೈತ ಮಾತ್ರ ತನ್ನ ಹೊಲವನ್ನು ಹೊತ್ತುಕೊಂಡು ಲೇಪಾಕ್ಷಿಗೆ ಹೋಗಲಾರ.